ಬ್ರಾಂಚ್ ಆಮೇಲೆ, ಪ್ರಶ್ನೆ ಮೊದಲು

ಬಿ.ಇ. ಕೊನೆಯ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಆಲೂರು, ಪಾಳ್ಯ, ಮಗ್ಗೆ, ಕೆಂಚಮ್ಮನ ಹೊಸಕೋಟೆ ಕಡೆಯ ಮನೆಗಳಲ್ಲಿ ಒಂದೇ ಮಾತು: ಮುಂದೇನು? ಕ್ಯಾಂಪಸ್ಸಿನಲ್ಲಿ ಕೆಲಸ ಸಿಕ್ಕವರು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಕೆಲಸ ಸಿಗದವರು, ಸಿಕ್ಕ ಕೆಲಸ ಮನಸ್ಸಿಗೆ ಬಾರದವರು, ಓದಿನ ಆಸೆ ಇನ್ನೂ ತೀರದವರು ಎಂ.ಟೆಕ್ ಕಡೆ ನೋಡುತ್ತಾರೆ. ಆಗ ಅವರೂ ಅವರ ಅಪ್ಪ-ಅಮ್ಮಂದಿರೂ ಕೇಳುವ ಪ್ರಶ್ನೆಯನ್ನು ನಾನು ಬಲ್ಲೆ. ‘ಸರ್, ಯಾವುದಕ್ಕೆ ಸ್ಕೋಪ್ ಇದೆ?’

ಈ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಕಾಫಿ ರೇಟು, ಮೆಣಸಿನ ರೇಟು, ಶುಂಠಿ ರೇಟು ವರ್ಷಕ್ಕೊಂದು ತರ ಕುಣಿಯುವ ಊರಿನಲ್ಲಿ ಮಕ್ಕಳ ಓದಾದರೂ ಒಂದು ನೆಲೆ ಕಾಣಲಿ ಎಂದು ಬಯಸುವುದು ಸಹಜ. ಆದರೆ ಎಂ.ಟೆಕ್ ವಿಷಯ ಆರಿಸಲು ಈ ಪ್ರಶ್ನೆಯೊಂದೇ ಸಾಲದು. ಈ ವರ್ಷ ಸೇರಿದವರು ಹೊರಬರುವುದು ಎರಡು ವರ್ಷದ ನಂತರ. ಅಷ್ಟರಲ್ಲಿ ಮಾರುಕಟ್ಟೆ ಯಾವ ದಿಕ್ಕಿಗೆ ಹೊರಳಿರುತ್ತದೋ ಯಾರೂ ಖಚಿತವಾಗಿ ಹೇಳಲಾರರು. ನಾನು ಅವರಿಗೆ ತಿರುಗಿ ಕೇಳುವುದು ಬೇರೆಯದನ್ನು: ಎರಡು ವರ್ಷ ಬಿಡದೆ ಹಿಂದೆ ಬಿದ್ದರೂ ನಿಮಗೆ ಬೇಸರ ತರಿಸದ ಸಮಸ್ಯೆ ಯಾವುದು? ಅದು ಗೊತ್ತಾದರೆ ಬ್ರಾಂಚಿನ ಹೆಸರು ತಾನಾಗಿ ಬರುತ್ತದೆ.

ಬಿ.ಇ.ಗೂ ಎಂ.ಟೆಕ್‌ಗೂ ಇರುವ ವ್ಯತ್ಯಾಸವನ್ನು ನಮ್ಮಲ್ಲಿ ಸರಿಯಾಗಿ ಯಾರೂ ಹೇಳಿಕೊಡುವುದಿಲ್ಲ. ಬಿ.ಇ.ಯಲ್ಲಿ ನಾಲ್ಕು ವರ್ಷ ಹತ್ತಾರು ವಿಷಯಗಳನ್ನು ಮೇಲೆ ಮೇಲೆ ನೋಡುತ್ತೇವೆ. ಪಾಸಾಗುವುದೇ ದೊಡ್ಡ ಗುರಿ. ಎಂ.ಟೆಕ್‌ನಲ್ಲಿ ನಾಲ್ಕೇ ಸೆಮಿಸ್ಟರ್. ಸಾಮಾನ್ಯವಾಗಿ ಮೊದಲ ಎರಡರಲ್ಲಿ ತರಗತಿ, ಪರೀಕ್ಷೆ. ಉಳಿದ ಎರಡರಲ್ಲಿ ಬಹುಪಾಲು ಪ್ರಾಜೆಕ್ಟ್ ಮತ್ತು ಪ್ರಬಂಧ. ಅಂದರೆ ಹೆಚ್ಚು ಕಡಿಮೆ ಅರ್ಧ ಓದು ನೀವೇ ಎತ್ತಿಕೊಂಡ ಒಂದು ಸಮಸ್ಯೆಯ ಜೊತೆಗೆ ನಡೆಯುತ್ತದೆ. ಆ ಸಮಸ್ಯೆ ನಿಮ್ಮದಾಗಿರದಿದ್ದರೆ ಕೊನೆಯ ವರ್ಷ ಹಿಂದಿನ ಬ್ಯಾಚಿನವರ ವರದಿಯನ್ನು ತಿದ್ದಿ ಬೈಂಡ್ ಮಾಡಿಸುವುದರಲ್ಲೇ ಮುಗಿದುಹೋಗುತ್ತದೆ. ಅಂತಹ ಎಂ.ಟೆಕ್‌ಗಳು ನಮ್ಮ ರಾಜ್ಯದಲ್ಲಿ ಬೇಕಾದಷ್ಟು ಆಗಿವೆ. ಎಂ.ಟೆಕ್ ಸೀಟುಗಳು ಎಷ್ಟೋ ಕಾಲೇಜುಗಳಲ್ಲಿ ಖಾಲಿ ಬೀಳುತ್ತಿರುವುದಕ್ಕೆ ಇದೂ ಒಂದು ಕಾರಣ ಎಂದೇ ನನ್ನ ಅಭಿಪ್ರಾಯ.

ಸಮಸ್ಯೆ ಹುಡುಕಿಕೊಂಡು ಆಲೂರು–ಸಕಲೇಶಪುರದವರು ದೂರ ಹೋಗಬೇಕಿಲ್ಲ. ದೇಶದ ಎಂಜಿನಿಯರುಗಳು ತಲೆಕೆಡಿಸಿಕೊಂಡಿರುವ ಕೆಲವು ಕಠಿಣ ಪ್ರಶ್ನೆಗಳು ನಮ್ಮ ಮನೆಯ ಹಿಂದಿನ ಗುಡ್ಡದಲ್ಲೇ ಇವೆ.

ದೋಣಿಗಾಲ್ ನೋಡಿ. ಸಕಲೇಶಪುರ ದಾಟಿ ಶಿರಾಡಿ ಘಾಟಿಯ ಕಡೆ ಹೊರಟರೆ ಸ್ವಲ್ಪ ಹೊತ್ತಿಗೇ ಸಿಗುವ ಊರು. 2021, 2022, 2024ರ ಮಳೆಗಾಲಗಳಲ್ಲಿ ಇಲ್ಲಿ ರಾಷ್ಟ್ರೀಯ ಹೆದ್ದಾರಿ 75 ಕುಸಿದ, ಸಂಚಾರ ಕಟ್ಟಿದ ಸುದ್ದಿ ಮತ್ತೆ ಮತ್ತೆ ಬಂತು. 2024ರ ಜುಲೈಯಲ್ಲಿ ದೊಡ್ಡತಪ್ಪಲೆಯಲ್ಲಿ ಗುಡ್ಡದ ಮಣ್ಣು ಹರಿದುಬಂದು ವಾಹನಗಳ ಮೇಲೆ ಬಿತ್ತು. ಅದೇ ತಿಂಗಳ 26ರಂದು ಯಡಕುಮರಿ ಮತ್ತು ಕಡಗರವಳ್ಳಿ ನಡುವೆ ರೈಲು ಹಳಿಯ ಕೆಳಗಿನ ನೆಲವೇ ಜಾರಿ ಬೆಂಗಳೂರು–ಮಂಗಳೂರು ರೈಲುಗಳು ಹಲವು ದಿನ ನಿಂತವು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ. ಪ್ರತಿ 50 ಮೀಟರಿಗೆ ಒಂದು ಮೀಟರಿನಂತೆ ಇಳಿಯುವ ಹಳಿ ಅದು. ಭಾರತೀಯ ರೈಲ್ವೆಯ ಕಡಿದಾದ ಬ್ರಾಡ್‌ಗೇಜ್ ಹಾದಿಗಳ ಪೈಕಿ ಒಂದು.

ಧರೆ ಜರಿಯುವುದು ನಮಗೆ ಹೊಸದಲ್ಲ. ಆದರೆ ಅದು ಹೇಗೆ ಜರಿಯುತ್ತದೆ ಎಂಬುದನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ನಮ್ಮ ಗುಡ್ಡಗಳ ಮೈ ಒಂದೇ ಬಂಡೆಯಲ್ಲ. ಮೇಲೆ ಕೆಂಪು ಮಣ್ಣು. ಅದರ ಕೆಳಗೆ ಕೈಯಲ್ಲಿ ಹಿಡಿದರೆ ಪುಡಿಯಾಗುವ, ಕೊಳೆತಂತೆ ಕಾಣುವ ಶಿಲೆ. ಅದಕ್ಕೂ ಕೆಳಗೆ ಗಟ್ಟಿ ಬಂಡೆ. ಬೇಸಿಗೆಯಲ್ಲಿ ಮಣ್ಣಿನ ಕಣಗಳು ಒಂದನ್ನೊಂದು ಒತ್ತಿ ಹಿಡಿದಿರುತ್ತವೆ. ಆ ಒತ್ತಡದಿಂದ ಹುಟ್ಟುವ ಘರ್ಷಣೆಯೇ ಇಳಿಜಾರನ್ನು ನಿಲ್ಲಿಸುವುದು. ಜುಲೈಯಲ್ಲಿ ದಿನಗಟ್ಟಲೆ ಮಳೆ ಹಿಡಿದು ನೀರು ಒಳಗಿಳಿದಾಗ ಕಣಗಳ ಸಂದಿಯಲ್ಲಿ ತುಂಬಿದ ನೀರು ಅವನ್ನು ಒಂದರಿಂದೊಂದು ದೂರ ತಳ್ಳಲು ನೋಡುತ್ತದೆ. ಭಾರದ ಒಂದು ಪಾಲನ್ನು ನೀರೇ ಹೊತ್ತುಕೊಳ್ಳುತ್ತದೆ. ಕಣಗಳ ನಡುವಿನ ಹಿಡಿತ ಅಷ್ಟರಮಟ್ಟಿಗೆ ಸಡಿಲವಾಗುತ್ತದೆ. ಆಸ್ಟ್ರಿಯಾದ ಕಾರ್ಲ್ ಟೆರ್ಜಾಗಿ 1920ರ ದಶಕದಲ್ಲಿ ಈ ತತ್ವವನ್ನು ಲೆಕ್ಕಕ್ಕೆ ತಂದರು. ಇಂದಿನ ಮಣ್ಣಿನ ಎಂಜಿನಿಯರಿಂಗ್ ನಿಂತಿರುವುದೇ ಅದರ ಮೇಲೆ. ಇಂತಹ ಗುಡ್ಡದ ಕಾಲನ್ನು ರಸ್ತೆ ಅಗಲ ಮಾಡಲು ನೆಟ್ಟಗೆ ಕತ್ತರಿಸಿ, ನೀರು ಹೊರಹೋಗಲು ದಾರಿ ಬಿಡದೆ ಬಿಟ್ಟರೆ ಉಳಿದ ಕೆಲಸವನ್ನು ಮಳೆ ಮಾಡುತ್ತದೆ.

ಈಗ ಸಿವಿಲ್ ಓದಿದ ಹುಡುಗನೋ ಹುಡುಗಿಯೋ ಆ ಧರೆಯ ಮುಂದೆ ನಿಂತಿದ್ದಾರೆ ಎಂದುಕೊಳ್ಳೋಣ. ಅಲ್ಲಿ ಒಂದು ಬ್ರಾಂಚ್ ಅಲ್ಲ, ಐದು ಬ್ರಾಂಚ್‌ಗಳಿವೆ. ಮಣ್ಣಿನ ಬಲ ಎಷ್ಟು, ನೀರಿನ ಒತ್ತಡ ಎಷ್ಟಕ್ಕೆ ಏರಿದರೆ ಜಾರುತ್ತದೆ ಎಂಬ ಲೆಕ್ಕ ಜಿಯೋಟೆಕ್ನಿಕಲ್‌ನವರದು. ಗುಡ್ಡದ ಮೇಲೆ ಗಂಟೆಗೆ ಎಷ್ಟು ಮಳೆ ಬಿತ್ತು, ಅದರಲ್ಲಿ ಎಷ್ಟು ಇಂಗಿತು, ಎಷ್ಟು ಹರಿಯಿತು ಎಂಬುದು ಜಲಸಂಪನ್ಮೂಲ. ಮುಂದಿನ ಮಳೆಗಾಲಕ್ಕೆ ಯಾವ ಯಾವ ಇಳಿಜಾರು ಅಪಾಯದಲ್ಲಿದೆ ಎಂದು ಉಪಗ್ರಹ ಚಿತ್ರ ಇಟ್ಟುಕೊಂಡು ನಕ್ಷೆ ಬಿಡಿಸುವುದು ರಿಮೋಟ್ ಸೆನ್ಸಿಂಗ್ ಮತ್ತು ಜಿಐಎಸ್. ರಸ್ತೆ ಎಲ್ಲಿ ತಿರುಗಬೇಕು, ಎಷ್ಟು ಅಗಲ ಬೇಕು, ಲಾರಿಗಳನ್ನು ಬೇರೆ ದಾರಿಗೆ ಕಳಿಸಿದರೆ ಏನಾಗುತ್ತದೆ ಎಂಬುದು ಟ್ರಾನ್ಸ್‌ಪೋರ್ಟೇಶನ್. ತಡೆಗೋಡೆ, ಸೇತುವೆ, ಸುರಂಗದ ಲೈನಿಂಗ್ ಎಲ್ಲ ಸ್ಟ್ರಕ್ಚರಲ್.

ಸಿವಿಲ್‌ನವರಲ್ಲಿ ಹೆಚ್ಚಿನವರು ಕಣ್ಣು ಮುಚ್ಚಿ ಸ್ಟ್ರಕ್ಚರಲ್ ಬರೆಯುತ್ತಾರೆ. ಬೆಂಗಳೂರಿನಲ್ಲಿ ಕಟ್ಟಡ ಏಳುತ್ತಲೇ ಇದೆ, ಡಿಸೈನ್ ಆಫೀಸಿನಲ್ಲಿ ಕೆಲಸ ಸಿಗುತ್ತದೆ ಎಂಬುದು ಅವರ ಲೆಕ್ಕ. ಲೆಕ್ಕ ಸರಿಯೇ. ಆದರೆ ಈ ಐದು ವಿಷಯಗಳ ದಿನದ ಕೆಲಸ ಒಂದೇ ತರ ಇಲ್ಲ. ಜಿಯೋಟೆಕ್ನಿಕಲ್‌ನವರು ಕೊಳವೆ ಬಾವಿಯಂತೆ ಕೊರೆದು ಮಣ್ಣಿನ ಮಾದರಿ ಎತ್ತಿ ತಂದು ಲ್ಯಾಬಿನಲ್ಲಿ ಅದನ್ನು ಹಿಂಡಿ, ಕತ್ತರಿಸಿ ನೋಡುತ್ತಾರೆ. ಒಂದೊಂದು ಪರೀಕ್ಷೆ ಕೆಲವೊಮ್ಮೆ ದಿನಗಟ್ಟಲೆ ಹಿಡಿಯುತ್ತದೆ. ಕೈ ಕೆಸರಾಗುತ್ತದೆ. ಸ್ಟ್ರಕ್ಚರಲ್‌ನವರ ಬಹುಪಾಲು ದಿನ ಕಂಪ್ಯೂಟರ್ ಮುಂದೆ, ಕೋಡ್ ಪುಸ್ತಕದ ಪಕ್ಕ. ಜಿಐಎಸ್‌ನವರಿಗೆ ಪ್ರೋಗ್ರಾಮಿಂಗ್ ಬರಬೇಕು. ಸಾವಿರಾರು ಚಿತ್ರಗಳ ನಡುವೆ ತಾಳ್ಮೆಯಿಂದ ಕೂರಬೇಕು. ಜಲಸಂಪನ್ಮೂಲದವರು ಅಂಕಿಅಂಶಗಳ ಜೊತೆ ಬದುಕಬೇಕು, ಜೊತೆಗೆ ಉಂಬಳ ಕಚ್ಚಿಸಿಕೊಂಡು ಹಳ್ಳಕ್ಕೆ ಇಳಿಯುವುದಕ್ಕೂ ತಯಾರಿರಬೇಕು. ನಿಮ್ಮ ಮೈಗೆ, ಮನಸ್ಸಿಗೆ ಯಾವ ದಿನಚರಿ ಒಗ್ಗುತ್ತದೆ ಎಂದು ಕೇಳಿಕೊಳ್ಳದೆ ಹೆಸರು ನೋಡಿ ಬ್ರಾಂಚ್ ಆರಿಸಿದರೆ ಮೂರನೇ ಸೆಮಿಸ್ಟರಿನಲ್ಲಿ ಸಂಕಟ ಶುರು.

ಜಲಸಂಪನ್ಮೂಲದ ಮಾತು ಬಂದಾಗ ಎತ್ತಿನಹೊಳೆಯನ್ನು ಬಿಡುವಂತಿಲ್ಲ. ಸಕಲೇಶಪುರ ತಾಲ್ಲೂಕಿನ ಹಳ್ಳಗಳಿಂದ 24.01 ಟಿಎಂಸಿ ನೀರು ಎತ್ತಿ ಪೂರ್ವದ ಬಯಲು ಜಿಲ್ಲೆಗಳಿಗೆ ಒಯ್ಯುವ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಉದ್ಘಾಟನೆಯಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಇದೇ ಜಲಾನಯನದ ಅಧ್ಯಯನ ಮಾಡಿ ಅಲ್ಲಿ ಸಿಗುವುದು ಸುಮಾರು 9.55 ಟಿಎಂಸಿ ಎಂದಿದ್ದರು. ಒಂದೇ ಹಳ್ಳ, ಎರಡು ಲೆಕ್ಕ, ನಡುವೆ ಇಷ್ಟು ಅಂತರ. ಸಾವಿರಾರು ಕೋಟಿ ರೂಪಾಯಿಯ ಯೋಜನೆ ಈ ಅಂಕಿಯ ಮೇಲೆ ನಿಂತಿದೆ. ರಾಜಕೀಯವನ್ನು ಬದಿಗಿಟ್ಟು ನೋಡಿದರೂ, ಕಾಡಿನೊಳಗಿನ ಹಳ್ಳದಲ್ಲಿ ವರ್ಷಕ್ಕೆ ಎಷ್ಟು ನೀರು ಹರಿಯುತ್ತದೆ ಎಂದು ನಂಬುವಂತೆ ಅಳೆಯುವುದು ಎಷ್ಟು ಕಷ್ಟ, ಎಷ್ಟು ಮುಖ್ಯ ಎಂಬುದು ಇದರಿಂದ ಗೊತ್ತಾಗುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಈಗ ಗ್ರಾಮ ಪಂಚಾಯ್ತಿ ಮಟ್ಟದಲ್ಲಿವೆ. ಅದಕ್ಕಿಂತ ಹಳೆಯ ಒಂದು ಭಂಡಾರ ನಮ್ಮ ಎಸ್ಟೇಟುಗಳಲ್ಲಿದೆ. ಎಷ್ಟೋ ಕಾಫಿ ಬೆಳೆಗಾರರ ಮನೆಯಲ್ಲಿ ತಲೆಮಾರುಗಳಿಂದ ಮಳೆಯನ್ನು ಇಂಚು, ಸೆಂಟ್ಸ್ ಲೆಕ್ಕದಲ್ಲಿ ಡೈರಿಗೆ ಬರೆದಿಡುವ ಪದ್ಧತಿ ಇದೆ. ಕಾಫಿ ಹೂ ಅರಳಿಸುವ ಹೂಮಳೆ ಯಾವ ದಿನ ಬಂತು, ಅದರ ಹಿಂದೆ ಬೇಕಾದ ಬ್ಯಾಕಿಂಗ್ ಮಳೆ ಎಷ್ಟು ದಿನದ ಮೇಲೆ ಬಂತು ಎಲ್ಲ ಅದರಲ್ಲಿರುತ್ತದೆ. ಆ ಡೈರಿಗಳನ್ನು ಒಟ್ಟುಗೂಡಿಸಿ, ಪರಿಶೀಲಿಸಿ, ಕಂಪ್ಯೂಟರಿಗೆ ಏರಿಸಿ ಮಳೆಯ ಸ್ವಭಾವ ಹೇಗೆ ಬದಲಾಗಿದೆ ಎಂದು ನೋಡುವುದೇ ಒಂದು ಒಳ್ಳೆಯ ಎಂ.ಟೆಕ್ ಪ್ರಬಂಧ. ಹೊರಗಿನವರಿಗೆ ಆ ಡೈರಿ ಕೈಗೆ ಸಿಗುವುದು ಕಷ್ಟ. ‘ನಮ್ಮ ದೊಡ್ಡಪ್ಪನ ತೋಟ’ ಎನ್ನಬಲ್ಲವರಿಗೆ ಸುಲಭ.

ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಸೈನ್ಸ್ ಓದಿದವರು ‘ನಮ್ಮ ವಿಷಯಕ್ಕೂ ಈ ಗುಡ್ಡಕ್ಕೂ ಏನು ಸಂಬಂಧ’ ಎನ್ನಬಹುದು. ಅವರ ಸಮಸ್ಯೆ ರಾತ್ರಿ ಗದ್ದೆಗೆ ಇಳಿಯುತ್ತದೆ. ಹೈಕೋರ್ಟ್ ರಚಿಸಿದ, ಐಐಎಸ್‌ಸಿಯ ರಾಮನ್ ಸುಕುಮಾರ್ ಅಧ್ಯಕ್ಷತೆಯ ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟು ಆಲೂರು ಭಾಗದ ಆನೆಗಳನ್ನು ಹಿಡಿದು ತೆರವು ಮಾಡಬೇಕೆಂದಿತು. ಹಿಡಿದರು, ಸಾಗಿಸಿದರು. ಆದರೂ ತೋಟಗಳಲ್ಲಿ ಮತ್ತೆ ಆನೆ ತುಂಬಿದವು. 2023ರ ಡಿಸೆಂಬರ್ 4ರಂದು ಯಸಳೂರು ಭಾಗದಲ್ಲಿ ಕಾಡಾನೆ ಕಾರ್ಯಾಚರಣೆ ನಡೆಯುವಾಗಲೇ, ಮೈಸೂರು ದಸರಾದಲ್ಲಿ ಎಂಟು ಬಾರಿ ಅಂಬಾರಿ ಹೊತ್ತಿದ್ದ ಸಾಕಾನೆ ಅರ್ಜುನ ಕಾಡಾನೆಯ ತಿವಿತಕ್ಕೆ ಬಲಿಯಾದ. ತೋಟದ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಬೆಳಗ್ಗೆ ಮೊದಲು ಮೊಬೈಲ್ ನೋಡುವುದು ಆನೆ ಎಲ್ಲಿದೆ ಎಂಬ ಸಂದೇಶಕ್ಕಾಗಿ. ಬೀಟಮ್ಮ, ಭುವನೇಶ್ವರಿ ಎಂದು ಜನ ಗುಂಪುಗಳಿಗೆ ಹೆಸರಿಟ್ಟು ಗುರುತಿಸುತ್ತಾರೆ.

ಆ ಸಂದೇಶದ ಹಿಂದೆ ಹೆಚ್ಚಾಗಿ ರೇಡಿಯೊ ಕಾಲರ್ ಇರುತ್ತದೆ. ಆನೆಯ ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿ ಒಂದು ಜಿಪಿಎಸ್, ಒಂದು ಟ್ರಾನ್ಸ್‌ಮೀಟರ್, ಒಂದು ಬ್ಯಾಟರಿ. ಪ್ರತಿ ಸಲ ತಾನೆಲ್ಲಿದ್ದೇನೆ ಎಂದು ಲೆಕ್ಕಹಾಕಿ ಕಳಿಸುವಾಗಲೂ ಬ್ಯಾಟರಿ ಕರಗುತ್ತದೆ. ಹತ್ತು ನಿಮಿಷಕ್ಕೊಮ್ಮೆ ಕಳಿಸಿದರೆ ಜನರಿಗೆ ಅನುಕೂಲ, ಆದರೆ ಬ್ಯಾಟರಿ ಬೇಗ ತೀರುತ್ತದೆ. ಬ್ಯಾಟರಿ ಬದಲಿಸಬೇಕೆಂದರೆ ಆನೆಗೆ ಮತ್ತೆ ಅರಿವಳಿಕೆ ಕೊಡಬೇಕು, ಮತ್ತೆ ಕಾರ್ಯಾಚರಣೆ, ಮತ್ತೆ ಜೀವಭಯ. ನಾಲ್ಕಾರು ಗಂಟೆಗೊಮ್ಮೆ ಕಳಿಸಿದರೆ ಬ್ಯಾಟರಿ ವರ್ಷಗಟ್ಟಲೆ ಬಾಳುತ್ತದೆ, ಆದರೆ ಅಷ್ಟರಲ್ಲಿ ಆನೆ ಮೂರು ತೋಟ ದಾಟಿರುತ್ತದೆ. ಮೇಲೆ ಸಿಲ್ವರ್ ಓಕ್, ಹಲಸು, ಅತ್ತಿಯ ದಟ್ಟ ನೆರಳು. ಮಳೆಗಾಲದಲ್ಲಿ ಕರೆಂಟು ಹೋಗಿ ಮೊಬೈಲ್ ಟವರೂ ಸತ್ತಿರುತ್ತದೆ. ಆನೆ ಊರ ಹತ್ತಿರ ಬಂದಾಗ ಮಾತ್ರ ಮೇಲಿಂದ ಮೇಲೆ, ಕಾಡಿನೊಳಗಿದ್ದಾಗ ಅಪರೂಪಕ್ಕೆ ಸ್ಥಳ ತಿಳಿಸುವ ಕಾಲರ್ ಮಾಡುವುದು ಹೇಗೆ? ಟವರ್ ಇಲ್ಲದೆಯೂ ತೋಟದ ಕಾರ್ಮಿಕರ ಲೈನ್‌ಮನೆಗಳಿಗೆ ಎಚ್ಚರಿಕೆ ತಲುಪಿಸುವುದು ಹೇಗೆ? ಇದು ಎಂಬೆಡೆಡ್ ಸಿಸ್ಟಮ್ಸ್, ವೈರ್‌ಲೆಸ್ ಸಂವಹನ, ಪವರ್ ಎಲೆಕ್ಟ್ರಾನಿಕ್ಸ್ ಮೂರೂ ಸೇರುವ ಜಾಗ. ಕಂಪ್ಯೂಟರ್ ಸೈನ್ಸ್‌ನವರಿಗೆ ಇನ್ನೊಂದು: ರಾತ್ರಿ ಕ್ಯಾಮೆರಾದಲ್ಲಿ ಕಂಡದ್ದು ಆನೆಯೋ, ಹಸುವೋ, ಗಾಳಿಗೆ ಅಲುಗುವ ಬಾಳೆಯೋ ಎಂದು ಯಂತ್ರ ಹೇಳಬೇಕು. ದಿನಕ್ಕೆ ಹತ್ತು ಸಲ ಸುಳ್ಳು ಎಚ್ಚರಿಕೆ ಕೂಗಿದರೆ ಹನ್ನೊಂದನೆಯದನ್ನು ಯಾರೂ ನಂಬುವುದಿಲ್ಲ. ಮೆಷಿನ್ ಲರ್ನಿಂಗ್ ಕಲಿಯಬೇಕೆಂದು ಹಂಬಲಿಸುವವರಿಗೆ ಬೇಕಾದ ಕಠಿಣ ಪಾಠವೆಲ್ಲ ಇದರಲ್ಲಿದೆ. ಕಾಫಿ ತೋಟದ ರಾತ್ರಿಯ ಚಿತ್ರಗಳನ್ನು ಕೂಡಿಸುವುದೇ ಮೊದಲ ಆರು ತಿಂಗಳ ಕೆಲಸ.

ಮೆಕ್ಯಾನಿಕಲ್‌ನವರು ಡಿಸೆಂಬರಿನ ಕಾಫಿ ಕಣ ನೆನೆಸಿಕೊಳ್ಳಲಿ. ಪಲ್ಪರಿನಲ್ಲಿ ಸಿಪ್ಪೆ ಸುಲಿದು ಬಂದ ಪಾರ್ಚ್‌ಮೆಂಟ್ ಕಾಫಿಯಲ್ಲಿ ಅರ್ಧದಷ್ಟು ನೀರೇ. ಅದು ಶೇ 10ರ ಸುಮಾರಿಗೆ ಇಳಿಯುವವರೆಗೆ ಹರಡಿ, ಕೈಯಾಡಿಸಿ, ಸಂಜೆ ಗುಡ್ಡೆ ಹಾಕಿ ಟಾರ್ಪಾಲ್ ಮುಚ್ಚಬೇಕು. ಈಚಿನ ವರ್ಷಗಳಲ್ಲಿ ಕೊಯ್ಲಿನ ಹೊತ್ತಿಗೇ ಅಕಾಲ ಮಳೆ ಬರುತ್ತಿದೆ. ಡ್ರೈಯರ್ ಇದೆ ನಿಜ. ಬಿಸಿ ಹೆಚ್ಚಿಸಿದರೆ ಸ್ವಾದ ಹೋಗುತ್ತದೆ, ಕಡಿಮೆ ಮಾಡಿದರೆ ಸೌದೆಯ ಖರ್ಚು, ಬೂಷ್ಟು ಎರಡೂ. ಐದು ಎಕರೆಯ ಬೆಳೆಗಾರನಿಗೆ ಕೈಗೆಟಕುವ ಡ್ರೈಯರ್ ಥರ್ಮಲ್ ಓದುವವರ ಪ್ರಶ್ನೆ. ಪಲ್ಪರಿನ ಕೊಳಕು ನೀರು ಹಳ್ಳ ಸೇರದಂತೆ ಮಾಡುವುದು ಎನ್ವಿರಾನ್ಮೆಂಟಲ್‌ನವರ ಪ್ರಶ್ನೆ.

ಊರ ಸಮಸ್ಯೆ ಹಿಡಿದು ಓದಿದರೆ ದೊಡ್ಡ ವಿಜ್ಞಾನ ಕೈತಪ್ಪುತ್ತದೆ ಎಂಬ ಭಯ ಕೆಲವರಿಗೆ. ಅವರಿಗೆ ಅಮೂಲ್ಯ ರೆಡ್ಡಿಯವರ ಕತೆ ಹೇಳಬೇಕು. ಅವರು ಐಐಎಸ್‌ಸಿಯಲ್ಲಿ ಎಲೆಕ್ಟ್ರೋಕೆಮಿಸ್ಟ್ರಿಯ ಪ್ರಾಧ್ಯಾಪಕರಾಗಿದ್ದರು. ಹೆಸರಾಂತ ವಿಷಯ, ಹೆಸರಾಂತ ಸಂಸ್ಥೆ. 1974ರಲ್ಲಿ ಸಂಗಡಿಗರ ಜೊತೆ ‘ಅಸ್ತ್ರ’ ಎಂಬ ಕೇಂದ್ರ ಕಟ್ಟಿದರು. ಹಳ್ಳಿಯ ಅಗತ್ಯಕ್ಕೆ ವಿಜ್ಞಾನವನ್ನು ತಂದು ಒದಗಿಸುವುದೇ ಅದರ ಕೆಲಸ. ತುಮಕೂರು ಜಿಲ್ಲೆಯ ಉಂಗ್ರ ಗ್ರಾಮದಲ್ಲಿ ಕ್ಷೇತ್ರ ಕೇಂದ್ರ ತೆರೆದರು. ಹೆಣ್ಣುಮಕ್ಕಳು ಸೌದೆಗಾಗಿ ಎಷ್ಟು ನಡೆಯುತ್ತಾರೆ, ಒಲೆಯಲ್ಲಿ ಎಷ್ಟು ಶಾಖ ವ್ಯರ್ಥವಾಗುತ್ತದೆ ಎಂದು ಅಳೆದರು. ಅಲ್ಲಿಂದ ಬಂದದ್ದು ಹೊಗೆ ಕೊಳವೆಯಿರುವ, ಸೌದೆ ಉಳಿಸುವ ಅಸ್ತ್ರ ಒಲೆ. ಕೆ.ಎಸ್. ಜಗದೀಶ್ ಮತ್ತಿತರರು ಅಲ್ಲೇ ಮಣ್ಣಿನ ಇಟ್ಟಿಗೆಯ ಮೇಲೆ ದುಡಿದರು. ಇಂದು ಸುಸ್ಥಿರ ಕಟ್ಟಡ ಎಂದು ದೇಶ ಮಾತಾಡುವಾಗ ಆ ಕೆಲಸವೂ ಒಂದು ಬುನಾದಿ. ರೆಡ್ಡಿಯವರ ಇಂಧನ ಚಿಂತನೆ ಲೋಕದ ಎಲ್ಲೆಡೆ ಚರ್ಚೆಗೆ ಬಂತು. ಒಲೆಯ ಮುಂದೆ ಕೂತದ್ದರಿಂದ ಅವರ ವಿಜ್ಞಾನ ಚಿಕ್ಕದಾಗಲಿಲ್ಲ.

ಸಮಸ್ಯೆ ಸಿಕ್ಕಿತು ಎನ್ನಿ. ಮುಂದಿನ ಹೆಜ್ಜೆ ಕಾಲೇಜಲ್ಲ, ಗೈಡ್. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ನಮ್ಮವರು ಇದನ್ನೇ ಬಿಟ್ಟುಬಿಡುತ್ತಾರೆ. ಯಾವ ಸಂಸ್ಥೆಯಲ್ಲಿ ಯಾರು ಇಳಿಜಾರಿನ ಬಗ್ಗೆ, ಯಾರು ಸೆನ್ಸರುಗಳ ಬಗ್ಗೆ ಕೆಲಸ ಮಾಡುತ್ತಿದ್ದಾರೆ ಎಂದು ವಿಭಾಗದ ವೆಬ್‌ಸೈಟಿನಲ್ಲಿ ನೋಡಿ. ಅವರು ಈಚಿನ ಮೂರು ವರ್ಷದಲ್ಲಿ ಏನು ಪ್ರಕಟಿಸಿದ್ದಾರೆ, ಅವರ ಹಳೆಯ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ ವಿಚಾರಿಸಿ. ಲ್ಯಾಬಿನಲ್ಲಿ ಯಂತ್ರ ಇದ್ದರೆ ಸಾಲದು, ಅದು ನಡೆಯುತ್ತಿದೆಯೇ, ಅದನ್ನು ಮುಟ್ಟಲು ವಿದ್ಯಾರ್ಥಿಗಳಿಗೆ ಬಿಡುತ್ತಾರೆಯೇ ಎಂದು ಸೀನಿಯರುಗಳನ್ನು ಕೇಳಿ. ಗೈಡ್ ಆಗಬಲ್ಲವರಿಗೆ ಒಂದು ಮೇಲ್ ಬರೆಯಿರಿ. ‘ನಿಮ್ಮ ಹತ್ತಿರ ಪ್ರಾಜೆಕ್ಟ್ ಇದೆಯೇ’ ಎಂದು ಕೇಳುವ ಮೇಲ್ ಅಲ್ಲ. ‘ನಮ್ಮೂರಿನ ಈ ಧರೆ ಮೂರು ವರ್ಷದಿಂದ ಜರಿಯುತ್ತಿದೆ, ಫೋಟೊ ಇಲ್ಲಿದೆ, ಮಳೆಯ ಲೆಕ್ಕ ಇಲ್ಲಿದೆ, ಇದರ ಬಗ್ಗೆ ಕೆಲಸ ಮಾಡಬೇಕೆಂದಿದ್ದೇನೆ’ ಎನ್ನುವ ಮೇಲ್. ಎಲ್ಲರೂ ಉತ್ತರಿಸುವುದಿಲ್ಲ. ಉತ್ತರಿಸಿದ ಒಬ್ಬರು ಸಾಕು.

ಹತ್ತಿರದಲ್ಲೇ ಒಳ್ಳೆಯ ಜಾಗಗಳಿವೆ. ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಮತ್ತು ಈಗ ಎನ್‌ಐಟಿಕೆ ಆಗಿರುವ ಸುರತ್ಕಲ್‌ನ ಕೆಆರ್‌ಇಸಿ ಎರಡೂ ಶುರುವಾದದ್ದು 1960ರಲ್ಲಿ. ಶಿರಾಡಿ ಇಳಿದು ಮಂಗಳೂರು ದಾಟಿದರೆ ಸುರತ್ಕಲ್. ಜಲಸಂಪನ್ಮೂಲ ಮತ್ತು ಸಾಗರ ಎಂಜಿನಿಯರಿಂಗ್‌ಗೇ ಅಲ್ಲೊಂದು ವಿಭಾಗವಿದೆ. ಬೆಂಗಳೂರಿನ ಐಐಎಸ್‌ಸಿ, 2016ರಲ್ಲಿ ಆರಂಭವಾದ ಐಐಟಿ ಧಾರವಾಡ ಇವೆ. ಸಂಶೋಧನೆಯೇ ಬೇಕೆನ್ನುವವರಿಗೆ ಐಐಎಸ್‌ಸಿಯಲ್ಲಿ ಎಂ.ಟೆಕ್ ರಿಸರ್ಚ್ ಇದೆ. ಅದರಲ್ಲಿ ತರಗತಿ ಕಡಿಮೆ, ಪ್ರಬಂಧಕ್ಕೆ ತೂಕ ಹೆಚ್ಚು. ದೊಡ್ಡ ಹೆಸರಿನ ಸಂಸ್ಥೆಯಲ್ಲಿ ಬೇಡದ ವಿಷಯ ಓದುವುದಕ್ಕಿಂತ ಸ್ವಲ್ಪ ಕಡಿಮೆ ಹೆಸರಿನ ಕಡೆ ನಿಮ್ಮ ಪ್ರಶ್ನೆಗೆ ಹೊಂದುವ ಗೈಡ್ ಕೈಕೆಳಗೆ ಓದುವುದು ಮೇಲು. ಎರಡೂ ಸಿಗದಿದ್ದರೆ? ಸೇರಬೇಡಿ. ಎರಡು ವರ್ಷ ಸೈಟಿನಲ್ಲೋ ಕಂಪನಿಯಲ್ಲೋ ದುಡಿದು ಬನ್ನಿ. ಕೆಲಸ ಮಾಡಿ ಬಂದವರ ಪ್ರಶ್ನೆಗಳು ಹೆಚ್ಚು ಚೂಪಾಗಿರುತ್ತವೆ.

ಎಂ.ಟೆಕ್ ಪ್ರವೇಶಕ್ಕೆ ಬರೆಯುವ ಗೇಟ್ ಪರೀಕ್ಷೆಯ ಬಗ್ಗೆ ನಾಲ್ಕು ಮಾತು. ಮೂರನೇ ವರ್ಷದಲ್ಲಿರುವಾಗಲೇ ಬರೆಯಬಹುದು. ಒಮ್ಮೆ ಬಂದ ಸ್ಕೋರ್ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. 2021ರಿಂದ, ನಿಗದಿಪಡಿಸಿದ ಜೋಡಿಗಳಲ್ಲಿ, ಎರಡು ಪೇಪರ್ ಬರೆಯಲೂ ಅವಕಾಶವಿದೆ. ಪರಿಸರ ವಿಜ್ಞಾನ ಮತ್ತು ಎಂಜಿನಿಯರಿಂಗ್ ಪೇಪರ್ 2021ರಲ್ಲಿ, ಜಿಯೋಮ್ಯಾಟಿಕ್ಸ್ 2022ರಲ್ಲಿ, ಡೇಟಾ ಸೈನ್ಸ್ ಮತ್ತು ಕೃತಕ ಬುದ್ಧಿಮತ್ತೆ 2024ರಲ್ಲಿ ಬಂದವು. ಬ್ರಾಂಚ್ ಸ್ವಲ್ಪ ಹೊರಳಿಸಿಕೊಳ್ಳುವವರಿಗೆ ಇವು ಬಾಗಿಲು. ಯಾವ ವಿಭಾಗ ಯಾವ ಪೇಪರಿನ ಸ್ಕೋರ್ ಒಪ್ಪುತ್ತದೆ ಎಂಬುದನ್ನು ಮಾತ್ರ ಮೊದಲೇ ನೋಡಿಕೊಳ್ಳಿ. ಐಐಟಿಗಳ ಸೀಟು ಸಿಒಎಪಿ ಮೂಲಕ, ಎನ್‌ಐಟಿಗಳದು ಸಿಸಿಎಂಟಿ ಮೂಲಕ. ಗೇಟ್ ಇಲ್ಲದವರಿಗೆ ರಾಜ್ಯದಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಪಿಜಿಸಿಇಟಿ ಇದೆ.

ಹಣದ ಲೆಕ್ಕವನ್ನು ಮನೆಯಲ್ಲಿ ಬಾಯಿಬಿಟ್ಟು ಮಾತಾಡಿ. ಗೇಟ್ ಮೂಲಕ ಪೂರ್ಣಾವಧಿಗೆ ಸೇರಿದವರಿಗೆ ತಿಂಗಳಿಗೆ ₹12,400 ವಿದ್ಯಾರ್ಥಿವೇತನ ಸಿಗುತ್ತದೆ. ಹಾಸ್ಟೆಲ್, ಊಟಕ್ಕೆ ಹೆಚ್ಚು ಕಡಿಮೆ ಸಾಕಾಗುತ್ತದೆ. ಅಂದರೆ ಒಳ್ಳೆಯ ಗೇಟ್ ಸ್ಕೋರ್ ಇದ್ದರೆ ತೋಟ ಅಡವಿಡದೆ ಎಂ.ಟೆಕ್ ಮುಗಿಯುತ್ತದೆ. ಅಮೆರಿಕದ ಎಂ.ಎಸ್. ಬೇರೆ ಲೆಕ್ಕ. ದೊಡ್ಡ ಸಾಲ, ಮುಗಿದ ಮೇಲೆ ಒಂದು ವರ್ಷ ಕೆಲಸದ ಅನುಮತಿ, ಎಂಜಿನಿಯರಿಂಗ್‌ನವರಿಗೆ ಇನ್ನೂ 24 ತಿಂಗಳು. ಆಮೇಲೆ ವೀಸಾ ಅವರ ಕೈಯಲ್ಲಿ. ಅಲ್ಲಿನ ಒಂದು ನಿರ್ದಿಷ್ಟ ಲ್ಯಾಬ್ ನಿಮ್ಮ ಪ್ರಶ್ನೆಗೆ ಬೇಕೇ ಬೇಕು ಎಂದಾದರೆ ಹೋಗಿ. ಪಕ್ಕದ ತೋಟದವರ ಮಗ ಹೋದ ಎಂಬ ಒಂದೇ ಕಾರಣಕ್ಕೆ ಬೇಡ.

ಸಾಫ್ಟ್‌ವೇರ್ ಕೆಲಸವೇ ಗುರಿಯಾದರೆ ಅದಕ್ಕೆ ಎಂ.ಟೆಕ್ ಕಡ್ಡಾಯವಲ್ಲ, ಬಿ.ಇ. ಮತ್ತು ಕೈಚಳಕ ಸಾಕು. ಪಾಠ ಮಾಡುವ ಆಸೆಯಿದ್ದವರಿಗೆ ಎಂ.ಟೆಕ್ ಬೇಕು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಅದು ಕನಿಷ್ಠ ಅರ್ಹತೆ. ಆದರೆ ಯಾವ ಪ್ರಶ್ನೆಯೊಂದಿಗೂ ಗುದ್ದಾಡದೆ ಬಂದ ಮೇಷ್ಟ್ರು ಮಕ್ಕಳಿಗೆ ನೋಟ್ಸ್ ಬರೆಸುವುದಷ್ಟೇ ಮಾಡಬಲ್ಲರು.

ಅಪ್ಪ-ಅಮ್ಮಂದಿರಿಗೂ ಒಂದು ಮಾತು. ಮಗಳು ಬಿ.ಇ.ಯಲ್ಲಿ ರ್‍ಯಾಂಕಿಗೆ ಹತ್ತಿರ ಬಂದಿರುತ್ತಾಳೆ. ಎಂ.ಟೆಕ್ ಎಂದ ಕೂಡಲೇ ‘ಇನ್ನೆಷ್ಟು ಓದುತ್ತೀ, ಗಂಡಿನ ಕಡೆಯವರು ಕೇಳ್ತಿದಾರೆ’ ಎಂಬ ಮಾತು ಏಳುತ್ತದೆ. ಮಗನಿಗೆ ಕೊಡುವ ಎರಡು ವರ್ಷವನ್ನು ಮಗಳಿಗೂ ಕೊಡಿ. ಕಾಡಿನಂಚಿನ ದಾರಿಯಲ್ಲಿ ಶಾಲೆಗೆ ನಡೆದು ಹೋದವಳಿಗೆ, ಸೌದೆ ಒಲೆಯ ಹೊಗೆ ಕುಡಿದವಳಿಗೆ ಯಾವ ಸಮಸ್ಯೆ ಮೊದಲು ಬಗೆಹರಿಯಬೇಕು ಎಂಬುದು ಯಾವ ಪ್ರಾಧ್ಯಾಪಕರಿಗಿಂತಲೂ ಚೆನ್ನಾಗಿ ಗೊತ್ತಿರುತ್ತದೆ.

ಗೇಟ್ ಅರ್ಜಿ ಸಾಮಾನ್ಯವಾಗಿ ಆಗಸ್ಟ್ ಕೊನೆಯ ಹೊತ್ತಿಗೆ ತೆರೆಯುತ್ತದೆ, ಪರೀಕ್ಷೆ ಫೆಬ್ರವರಿಯಲ್ಲಿ. ಅದಕ್ಕೆ ಮುಂಚಿನ ಮಳೆಗಾಲದಲ್ಲಿ ನಿಮ್ಮೂರಿನ ಒಂದು ಸಮಸ್ಯೆಯನ್ನು ಕಣ್ಣಾರೆ ನೋಡಿ, ಅಳೆಯಬಹುದಾದದ್ದನ್ನು ಅಳೆದು, ಒಂದು ಪುಟದಲ್ಲಿ ಬರೆಯಿರಿ. ಆ ಪುಟವನ್ನು ಮೂವರು ಪ್ರಾಧ್ಯಾಪಕರಿಗೆ ಕಳಿಸಿ. ಪೇಪರ್ ಯಾವುದೆಂದು ಅರ್ಜಿಯಲ್ಲಿ ತುಂಬುವುದು ಅದಾದ ಮೇಲೆ.